ಮೊದಲ ಹೆಣ ಎತ್ತುವ ಹೊತ್ತು: ಸಾಂಭರ್ ಉಪ್ಪಿನ ಸರೋವರದ ಹಕ್ಕಿಸಾವು, 2019 – ಅಕ್ಕಲಕೋಟ, ಸೋಲಾಪುರ ಭಾಗದ ಕೆರೆ ನೋಡಿಕೊಳ್ಳುವವರಿಗಾಗಿ ಒಂದು ಪ್ರಕರಣ ಅಧ್ಯಯನ

2019ರ ದೀಪಾವಳಿ ಮುಗಿದು ಗೌರಿ ಹುಣ್ಣಿಮೆ ಬರುವ ಹೊತ್ತಿಗೆ ರಾಜಸ್ಥಾನದ ಸಾಂಭರ್ ಸರೋವರದ ಅಂಚಿನಲ್ಲಿ ಬಾತುಗಳು ಸಾಲುಸಾಲಾಗಿ ಬಿದ್ದಿದ್ದವು. ಸುದ್ದಿ ಹೊರಬಂದದ್ದು ನವೆಂಬರ್ 10ರ ಸುಮಾರಿಗೆ. ಮೊದಲ ಎರಡು ದಿನ ಸಾವಿರದ ಲೆಕ್ಕದಲ್ಲಿದ್ದ ಸಾವು ಎರಡು ವಾರದಲ್ಲಿ 18,000 ದಾಟಿತು. ಸತ್ತವುಗಳಲ್ಲಿ ಚಲುಕದ ಬಾತು (ನಾರ್ದರ್ನ್ ಶೊವೆಲರ್) ಎಲ್ಲಕ್ಕಿಂತ ಹೆಚ್ಚು. ಅದರ ಜೊತೆ ಸೂಜಿಬಾಲದ ಬಾತು, ಕಾಮನ್ ಟೀಲ್, ಮೆಟ್ಟುಗಾಲು ಹಕ್ಕಿ, ಆವೊಸೆಟ್, ಕೆಂಟಿಷ್ ಪ್ಲೋವರ್, ಹೀಗೆ ಇಪ್ಪತ್ತಕ್ಕೂ ಮಿಕ್ಕಿ ಜಾತಿಗಳು. ಬಹುಪಾಲು ಹಕ್ಕಿಗಳು ಮಧ್ಯ ಏಷ್ಯಾ, ಸೈಬೀರಿಯಾ ಕಡೆಯಿಂದ ಚಳಿಗಾಲ ಕಳೆಯಲು ಬಂದವು.

ಅದೇ ಬಾತುಗಳು ಅದೇ ಹಾದಿಯಲ್ಲಿ ಇನ್ನಷ್ಟು ದಕ್ಷಿಣಕ್ಕೆ ಇಳಿದು ಬೋರಿ ಹೊಳೆಯ ಕುರನೂರು ಜಲಾಶಯಕ್ಕೆ, ಹೊಟಗಿ ಕೆರೆಗೆ, 1871ರಲ್ಲಿ ಕಟ್ಟಿದ ಹಿಪ್ಪರಗಾ ಕೆರೆಗೆ ಬರುತ್ತವೆ. ಉಜನಿಯ ಹಿನ್ನೀರಿನಲ್ಲಿ ಕಾಣುವ ರಾಜಹಂಸಗಳು ಒಮ್ಮೊಮ್ಮೆ ಈ ಕೆರೆಗಳ ತೆಳುನೀರಿಗೂ ಇಳಿಯುತ್ತವೆ. ನಮ್ಮವು ಸಿಹಿನೀರಿನ ಕೆರೆಗಳು, ಮರುಭೂಮಿಯ ಉಪ್ಪಿನ ಸರೋವರಕ್ಕೂ ಇವಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯಲ್ಲೇ ಈ ಪ್ರಕರಣದ ತಿರುಳಿದೆ. ಸಾಂಭರಿನಲ್ಲಿ ಹಕ್ಕಿಗಳನ್ನು ಕೊಂದದ್ದು ಉಪ್ಪಾಗಿರಲಿಲ್ಲ. ಉಪ್ಪು ಕಡಿಮೆಯಾಗಿದ್ದ ಅಂಚಿನ ನೀರು, ಬೆಚ್ಚಗಿನ ರಾಡಿ, ಎತ್ತದೆ ಬಿಟ್ಟ ಹೆಣ – ಈ ಮೂರೂ ಕೂಡಿ ಬಾಟ್ಯುಲಿಸಂ ಎಂಬ ಬ್ಯಾಕ್ಟೀರಿಯಾ ವಿಷದ ಬೇನೆ ಎಬ್ಬಿಸಿ ಕೊಂದವು. ಮೂರೂ ನಮ್ಮಲ್ಲೂ ಇವೆ.

ಸವಳು ಕಂಡವರಿಗೆ ಸಾಂಭರ್ ಹೊಸದಲ್ಲ

ಮಿರಜ, ಶಿರೋಳ ಕಡೆಯ ಕಬ್ಬಿನ ಹೊಲಗಳಲ್ಲಿ ಬಿಸಿಲೇರುತ್ತಿದ್ದಂತೆ ನೆಲದ ಮೇಲೆ ಬಿಳಿ ಹುಡಿ ಏಳುತ್ತದೆ. ನೀರು ಹಾಯಿಸಿದ್ದು ಹೆಚ್ಚು, ಬಸಿಗಾಲುವೆ ಇಲ್ಲ. ನೀರು ಆವಿಯಾಗಿ ಹೋಗುತ್ತದೆ, ಅದು ತಂದ ಲವಣ ಅಲ್ಲೇ ಉಳಿಯುತ್ತದೆ. ಬಸಿಯುವ ಹಾದಿ ಇಲ್ಲದ ಹೊಲ ಸವಳಾದ ಹಾಗೆಯೇ ಹೊರಕ್ಕೆ ಹರಿಯುವ ಹಾದಿ ಇಲ್ಲದ ತಗ್ಗು ಉಪ್ಪಿನ ಸರೋವರವಾಗುತ್ತದೆ. ಸಾಂಭರ್ ಅರಾವಳಿಯ ಗುಡ್ಡಗಳ ನಡುವೆ ಇರುವ ಅಂಥ ತಗ್ಗು. ಉದ್ದ ಸುಮಾರು 35 ಕಿ.ಮೀ., ಅಗಲ 3ರಿಂದ 11 ಕಿ.ಮೀ. ಮೇಂಢಾ, ರೂಪನಗಢ ಮುಂತಾದ ಮಳೆಗಾಲದ ಹೊಳೆಗಳು 5,000 ಚದರ ಕಿ.ಮೀ.ಗೂ ಹೆಚ್ಚಿನ ಸೀಮೆಯ ನೀರನ್ನು ಇದಕ್ಕೆ ತಂದು ಸುರಿಯುತ್ತವೆ. ಬಂದ ನೀರು ಹೋಗುವುದು ಆಕಾಶಕ್ಕೆ ಮಾತ್ರ.

ಆಳದ ವಿಷಯದಲ್ಲಿ ಇದು ಸರೋವರಕ್ಕಿಂತ ದೊಡ್ಡ ತಟ್ಟೆಯೇ ಸರಿ. ತುಂಬಿದಾಗ ಸುಮಾರು 3 ಮೀಟರ್, ಒಣಗಿನಲ್ಲಿ ಮೊಣಕಾಲು ಮಟ್ಟ. ಬರದ ವರ್ಷಗಳಲ್ಲಿ ಬಹುಭಾಗ ಬಿಳಿ ಬಯಲು. 5 ಕಿ.ಮೀ.ಗೂ ಉದ್ದದ ಕಲ್ಲಿನ ಒಡ್ಡು ಇದನ್ನು ಎರಡಾಗಿ ಸೀಳಿದೆ. ಒಡ್ಡಿನ ಪೂರ್ವಕ್ಕೆ ಉಪ್ಪು ಮಾಡುವ ಮಡಿಗಳು. ಅಲ್ಲಿಯವರು ಅವನ್ನು ಕ್ಯಾರ್ ಎನ್ನುತ್ತಾರೆ. ಪಶ್ಚಿಮಕ್ಕೆ ತೆರೆದ ನೀರು. 1990ರಲ್ಲಿ ರಾಮ್ಸರ್ ಪಟ್ಟಿಗೆ (ಜಗತ್ತಿನ ಮಹತ್ವದ ಜೌಗುಗಳ ಪಟ್ಟಿ) ಸೇರಿದ ಜೌಗು ಇದು.

ಇಲ್ಲಿಯ ಜೀವಲೋಕ ಎರಡು ಪಾಳಿಯಲ್ಲಿ ನಡೆಯುತ್ತದೆ. ಬೇಸಿಗೆಯ ಕಡೆಗೆ ನೀರು ಸಮುದ್ರಕ್ಕಿಂತ ಎಷ್ಟೋ ಪಟ್ಟು ಉಪ್ಪಾದಾಗ (ಸಮುದ್ರದ ನೀರಲ್ಲಿ ಲೀಟರಿಗೆ 35 ಗ್ರಾಂ ಲವಣ) ಉಳಿಯುವವರು ಕೆಲವೇ ಮಂದಿ. ಡುನಾಲಿಯೆಲ್ಲಾ ಎಂಬ ಪಾಚಿ ಮತ್ತು ಉಪ್ಪುಪ್ರಿಯ ಸೂಕ್ಷ್ಮಜೀವಿಗಳು ನೀರಿಗೆ ಕೆಂಪು ಬಣ್ಣ ಕೊಡುತ್ತವೆ. ಕ್ಷಾರದ ನೀರಿನ ನೀಲಿಹಸಿರು ಪಾಚಿಯನ್ನು ಚಿಕ್ಕ ರಾಜಹಂಸ ಕೊಕ್ಕಿನಿಂದ ಸೋಸಿ ತಿನ್ನುತ್ತದೆ; ದೊಡ್ಡ ರಾಜಹಂಸಕ್ಕೆ ಉಪ್ಪುಸಿಗಡಿ, ಉಪ್ಪುನೊಣದ ಮರಿಗಳು ಬೇಕು. ಮಳೆ ಬಿದ್ದ ಮೇಲೆ ಚಿತ್ರವೇ ಬೇರೆ. ಹೊಳೆ ಸೇರುವ ಬಾಯಿಗಳಲ್ಲಿ, ತೆಳುವಾದ ಅಂಚುಗಳಲ್ಲಿ ನೀರು ಬಹುಮಟ್ಟಿಗೆ ಸಿಹಿ. ಅಲ್ಲಿ ಸಿಹಿನೀರಿನ ಹುಳ, ನೀರುಚಿಗಟ, ಜೀರುಂಡೆ, ಕೆಂಪು ಸೊಳ್ಳೆಮರಿ ಲೆಕ್ಕವಿಲ್ಲದಷ್ಟು ಹುಟ್ಟುತ್ತವೆ. ಅಕ್ಟೋಬರಿನಲ್ಲಿ ಇಳಿಯುವ ಬಾತುಗಳು, ಗೊರವಗಳು ನೇರವಾಗಿ ಹೋಗಿ ಕೂರುವುದು ಈ ಅಂಚಿನ ಊಟದ ಎಲೆಯ ಮೇಲೆ. ಈ ಅಂಚನ್ನು ಮುಂದೆಲ್ಲ ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಕಂಡ ಲಕ್ಷಣ

2019ರ ಮುಂಗಾರು ಆ ಸೀಮೆಯಲ್ಲಿ ಚೆನ್ನಾಗಿ ಆಯಿತು. ವರ್ಷಗಳಿಂದ ಸೊರಗಿದ್ದ ಸರೋವರ ದೂರದೂರಕ್ಕೆ ಹರಡಿ ನಿಂತಿತು. ಮಳೆ ನಿಂತ ಮೇಲೆ ನೀರು ಹಿಂದೆ ಸರಿಯತೊಡಗಿತು. ಹಕ್ಕಿಗಳು ಸತ್ತದ್ದು ಆ ಸರಿಯುವ ಕಾಲದಲ್ಲಿ.

ಸಾಯುವ ಹಕ್ಕಿಗಳು ಹೇಗಿದ್ದವು ಎಂಬುದರ ದಾಖಲೆ ಬಹಳ ಮುಖ್ಯ. ಮಂಕು, ಮೇವು ಬಿಟ್ಟಿರುವುದು, ರೆಕ್ಕೆ ಮತ್ತು ಕಾಲುಗಳ ಸಡಿಲ ಪಾರ್ಶ್ವವಾಯು, ನೆಲಕ್ಕೆ ತಾಗಿದ ಕುತ್ತಿಗೆ. ಹಾರಲಾಗದು, ನಡೆಯಲಾಗದು, ಈಜಲಾಗದು. ಇನ್ನೊಂದು ಕಡೆ ಏನಿರಲಿಲ್ಲ ಎಂಬುದೂ ದಾಖಲಾಯಿತು: ಮೈ ಬಿಸಿಯಿಲ್ಲ, ಮೂಗಿನಿಂದ ಸೋರಿಕೆಯಿಲ್ಲ, ಉಸಿರಾಟದ ತೊಂದರೆಯಿಲ್ಲ. ರೋಗಪತ್ತೆಯಲ್ಲಿ ಈ 'ಇಲ್ಲ'ಗಳ ಬೆಲೆ ದೊಡ್ಡದು. ಕೆರೆಯ ದಂಡೆಯಲ್ಲಿ ನಿಂತು ಬರೆದುಕೊಳ್ಳುವವರು ಸಾಮಾನ್ಯವಾಗಿ ಇವನ್ನೇ ಬಿಡುತ್ತಾರೆ.

ಈ ಬೇನೆ ಒಂದು ಕ್ರಮದಲ್ಲಿ ಏರುತ್ತದೆ. ಮೊದಲು ಹಕ್ಕಿ ದೂರ ಹಾರಲಾರದು. ಎಬ್ಬಿಸಿದರೆ ಹತ್ತು ಮಾರು ಹೋಗಿ ಬೀಳುತ್ತದೆ. ಆಮೇಲೆ ಕಾಲು ಸೋಲುತ್ತದೆ, ರೆಕ್ಕೆಯನ್ನೇ ಹುಟ್ಟು ಮಾಡಿಕೊಂಡು ರಾಡಿಯ ಮೇಲೆ ತೆವಳುತ್ತದೆ. ನಂತರ ಕಣ್ಣಿನ ಒಳರೆಪ್ಪೆ ಅರ್ಧ ಮುಚ್ಚಿ ಹಾಗೇ ನಿಲ್ಲುತ್ತದೆ. ಕೊನೆಗೆ ಕುತ್ತಿಗೆ. ಕುತ್ತಿಗೆ ಬಿದ್ದ ಬಾತು ನಾಲ್ಕು ಬೆರಳು ನೀರಿನಲ್ಲೂ ಮುಳುಗಿ ಸಾಯುತ್ತದೆ. ವಿಷಕ್ಕಿಂತ ಮೊದಲು ನೀರೇ ಅದನ್ನು ಒಯ್ಯುತ್ತದೆ. ಹೆಣ ಕೊಯ್ದು ನೋಡಿದರೆ ಒಳಗೆ ಹೇಳಿಕೊಳ್ಳುವಂಥ ಗಾಯ, ಊತ, ರಕ್ತಸ್ರಾವ ಯಾವುದೂ ಸಿಗುವುದಿಲ್ಲ.

ಉಪ್ಪಿನ ಮೇಲೆ ಬಂದ ಅನುಮಾನ

ಸಾಂಭರಿನಲ್ಲಿ ಮೊದಮೊದಲು ಕೇಳಿಬಂದ ಕಾರಣಗಳಲ್ಲಿ ಸೋಡಿಯಂ ವಿಷವೂ ಒಂದು, ಹಕ್ಕಿಜ್ವರ ಇನ್ನೊಂದು. ಉಪ್ಪಿನ ಸರೋವರದಲ್ಲಿ ಹಕ್ಕಿ ಸತ್ತರೆ ಉಪ್ಪನ್ನು ಸಂಶಯಿಸುವುದು ಸಹಜ. ಇದೇ ಸಂಶಯ ನೂರು ವರ್ಷ ಹಿಂದೆ ಅಮೆರಿಕದ ಯೂಟಾದಲ್ಲೂ ಬಂದಿತ್ತು. ಅಲ್ಲಿಯ ಮಹಾ ಲವಣ ಸರೋವರದಲ್ಲಿ 1910ರಿಂದಾಚೆ ಬಾತುಗಳು ಭಾರಿ ಸಂಖ್ಯೆಯಲ್ಲಿ ಸತ್ತಾಗ ಪಕ್ಷಿವಿಜ್ಞಾನಿ ಅಲೆಕ್ಸಾಂಡರ್ ವೆಟ್ಮೋರ್ ಸ್ಥಳದಲ್ಲೇ ಕುಳಿತು ಅಭ್ಯಾಸ ಮಾಡಿದರು. ನೀರಿನ ಕ್ಷಾರಲವಣಗಳೇ ಕಾರಣವೆಂದು ತೀರ್ಮಾನಿಸಿದರು. ಕಾಯಿಲೆ ಬಿದ್ದ ಬಾತಿಗೆ ಸಿಹಿನೀರು ಕೊಟ್ಟರೆ ಅದು ಚೇತರಿಸಿಕೊಳ್ಳುತ್ತಿತ್ತು, ಆದ್ದರಿಂದ ತೀರ್ಮಾನ ಸರಿಯೆಂದೇ ಕಂಡಿತು. ಅದು ಬಾಟ್ಯುಲಿಸಂ ಎಂದು ಕಾಲ್ಂಬಾಕ್ ಮುಂತಾದವರು ತೋರಿಸಿಕೊಟ್ಟದ್ದು 1930ರಲ್ಲಿ. ಔಷಧ ಸರಿಯಿದ್ದೂ ರೋಗದ ಹೆಸರು ತಪ್ಪಿತ್ತು. ಹೆಸರು ತಪ್ಪಿದ್ದರಿಂದ ಹೆಣಗಳ ಪಾತ್ರ ತಿಳಿಯಲಿಲ್ಲ.

ನಿಜವಾದ ಉಪ್ಪುವಿಷವನ್ನು ಗುರುತಿಸಲು ದಾರಿಗಳಿವೆ. ರೆಕ್ಕೆಪುಕ್ಕಗಳ ಮೇಲೆ ಹರಳುಗಟ್ಟಿದ ಉಪ್ಪು ಕಾಣಬಹುದು. ಅದು ಹೆಚ್ಚಾಗಿ ಕಡುಚಳಿಯಲ್ಲಿ, ನೀರಿನ ಉಷ್ಣತೆ ತೀರ ಇಳಿದಾಗ ಆಗುವಂಥದು. ಮಿದುಳಿನ ಅಂಗಾಂಶದಲ್ಲಿ ಸೋಡಿಯಂ 2,000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 2,000 ಭಾಗ) ದಾಟಿರುತ್ತದೆ. ಸಿಹಿನೀರು ಹತ್ತಿರ ಸಿಗದ ಜಾಗವಾಗಿರುತ್ತದೆ. ನವೆಂಬರಿನ ಸಾಂಭರ್ ಅಂಚಿಗೆ ಈ ಚಿತ್ರ ಕೂಡುವುದಿಲ್ಲ.

ಮಾದರಿಗಳು ಭೋಪಾಲದ ರಾಷ್ಟ್ರೀಯ ಪ್ರಾಣಿರೋಗ ಪ್ರಯೋಗಾಲಯಕ್ಕೆ ಹೋದವು. ಹಕ್ಕಿಜ್ವರ ಇಲ್ಲವೆಂದು ನವೆಂಬರ್ ಮಧ್ಯದ ಹೊತ್ತಿಗೆ ಗೊತ್ತಾಯಿತು. ಬಿಕಾನೇರದ ಪಶುವೈದ್ಯ ತಜ್ಞರು ಲಕ್ಷಣ ನೋಡಿ ಬಾಟ್ಯುಲಿಸಂ ಇರಬೇಕೆಂದರು. ಬರೇಲಿಯ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ ಅದನ್ನು ದೃಢಪಡಿಸಿದ್ದು ನವೆಂಬರ್ 21ರ ಸುಮಾರಿಗೆ. ಈ ನಡುವೆ ರಾಜಸ್ಥಾನ ಹೈಕೋರ್ಟ್ ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡಿತು.

ಸುದ್ದಿಯಿಂದ ದೃಢೀಕರಣಕ್ಕೆ ಹತ್ತು–ಹನ್ನೊಂದು ದಿನ. ಪ್ರಯೋಗಾಲಯದ ಮಟ್ಟಿಗೆ ಅದು ನಿಧಾನವೇನಲ್ಲ. ಆದರೆ ಹೆಣ ಎತ್ತುವ ಕೆಲಸಕ್ಕೆ ವರದಿಯ ದಾರಿ ಕಾಯಬೇಕಾಗಿಯೇ ಇಲ್ಲ. ಹಕ್ಕಿಜ್ವರವಿರಲಿ, ಬಾಟ್ಯುಲಿಸಂ ಇರಲಿ, ಹೆಣ ಎತ್ತಬೇಕಾದದ್ದೇ. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಮುಂದೆ ವಿವರಿಸುವ ಸರಪಳಿಯಲ್ಲಿ ಮನುಷ್ಯನ ಕೈಗೆ ನಿಲುಕುವ ಕೊಂಡಿ ಅದೊಂದೇ.

ಹೆಣದಿಂದ ಹುಳ, ಹುಳದಿಂದ ಹೆಣ

ಬಾಟ್ಯುಲಿಸಂ ಅಂಟುರೋಗವಲ್ಲ, ವಿಷಬಾಧೆ. ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾ ಗಾಳಿಯಿಲ್ಲದ ಕಡೆ ಬೆಳೆಯುತ್ತದೆ. ಬೆಳೆಯಲು ಅನುಕೂಲವಿಲ್ಲದಾಗ ಗಟ್ಟಿ ಬೀಜಕವಾಗಿ ಕೆರೆಯ ರಾಡಿಯಲ್ಲಿ ವರ್ಷಗಟ್ಟಲೆ ಮಲಗಿರಬಲ್ಲದು. ಹಕ್ಕಿಗಳನ್ನು ಕೊಲ್ಲುವುದು ಹೆಚ್ಚಾಗಿ ಇದರ ಸಿ ಬಗೆ. ಇನ್ನೊಂದು ವಿಚಿತ್ರ: ವಿಷ ಮಾಡುವ ವಂಶವಾಹಿ ಬ್ಯಾಕ್ಟೀರಿಯಾದ ಸ್ವಂತದ್ದಲ್ಲ, ಅದರೊಳಗೆ ಹೊಕ್ಕ ಒಂದು ವೈರಸ್ ಹೊತ್ತು ತಂದದ್ದು. ವಿಷ ಹಕ್ಕಿಯ ಮೈ ಸೇರಿದ ಮೇಲೆ ನರ ಸ್ನಾಯುವಿಗೆ ಹೇಳುವ ಮಾತನ್ನು ತಡೆಯುತ್ತದೆ. ನರವೂ ಸರಿಯಿದೆ, ಸ್ನಾಯುವೂ ಸರಿಯಿದೆ, ನಡುವಿನ ರಾಸಾಯನಿಕ ಸಂದೇಶ ಮಾತ್ರ ಹೊರಡುವುದಿಲ್ಲ. ಹೆಣ ಕೊಯ್ದಾಗ ಏನೂ ಕಾಣದಿರುವುದು ಇದಕ್ಕಾಗಿ.

ಬೀಜಕ ಮೊಳೆಯಲು ಮೂರು ಬೇಕು: ಬೆಚ್ಚಗಿನ ಹವೆ, ಆಮ್ಲಜನಕವಿಲ್ಲದ ಜಾಗ, ಕೊಳೆಯುತ್ತಿರುವ ಪ್ರೋಟೀನು. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಮೇಲಿದ್ದು, ಪಿಎಚ್ (ನೀರಿನ ಆಮ್ಲ–ಕ್ಷಾರದ ಅಳತೆ) 7.5ರಿಂದ 9ರ ನಡುವೆ ಇದ್ದರೆ ಅಪಾಯ ಹೆಚ್ಚು. ಕಡು ಉಪ್ಪುನೀರು ಇದಕ್ಕೆ ಆಗಿಬರುವುದಿಲ್ಲ. ಸಾಂಭರಿನ ನಡುವಿನ ಕೆಂಪು, ಕ್ಷಾರದ ನೀರಿನಲ್ಲಿ ಅದು ಹೀಗೆ ಎದ್ದು ನಿಲ್ಲುತ್ತಿರಲಿಲ್ಲ. ವಿಜ್ಞಾನಿಗಳು ಮುಂದಿಟ್ಟ ವಿವರಣೆ ಹೀಗೆ: ಒಳ್ಳೆಯ ಮಳೆಯಿಂದ ಅಂಚಿನ ನೀರಿನ ಉಪ್ಪು ಇಳಿಯಿತು, ಅಲ್ಲಿ ಸಣ್ಣ ಜೀವಿಗಳು ಹೇರಳವಾಗಿ ಬೆಳೆದವು. ನೀರು ಸರಿದು ಉಪ್ಪು ಏರತೊಡಗಿದಾಗ ಅವು ಒಟ್ಟಿಗೆ ಸತ್ತು ತೆಳುನೀರಿನಲ್ಲಿ ಕೊಳೆತವು. ಕೊಳೆತಕ್ಕೆ ಆಮ್ಲಜನಕ ಖರ್ಚಾಯಿತು, ರಾಡಿಯ ಬೀಜಕ ಎಚ್ಚೆತ್ತಿತು. ಅದನ್ನು ಕೆದಕಿ ತಿನ್ನುವ ಬಾತು, ಗೊರವಗಳು ಮೊದಲು ಬಿದ್ದವು. ಅಗಲ ಕೊಕ್ಕಿನಿಂದ ತೆಳುನೀರಿನ ಸಣ್ಣ ಜೀವಿಗಳನ್ನು ಸೋಸುವ ಚಲುಕದ ಬಾತು ಪಟ್ಟಿಯ ಮೊದಲಲ್ಲಿ ಬಂದದ್ದು ಈ ವಿವರಣೆಗೆ ಒಪ್ಪುತ್ತದೆ.

ಇಲ್ಲಿಯವರೆಗೆ ಸತ್ತವು ಕೆಲವು ನೂರು ಇರಬಹುದು. ನೂರನ್ನು ಸಾವಿರಗಟ್ಟಲೆ ಮಾಡುವುದು ಎರಡನೇ ಸುತ್ತು. ಸತ್ತ ಹಕ್ಕಿಯ ಮೈಯೊಳಗೆ ಬೆಚ್ಚಗಿದೆ, ಗಾಳಿಯಿಲ್ಲ, ಪ್ರೋಟೀನು ಬೇಕಾದಷ್ಟಿದೆ. ಬ್ಯಾಕ್ಟೀರಿಯಾಕ್ಕೆ ಅದಕ್ಕಿಂತ ಒಳ್ಳೆಯ ಮನೆ ಬೇರೆ ಸಿಗಲಾರದು. ನೊಣ ಬಂದು ಮೊಟ್ಟೆ ಇಡುತ್ತದೆ, ಒಂದು ದಿನದೊಳಗೆ ಮರಿಹುಳ ಹೊರಬರುತ್ತವೆ. ಹುಳಗಳಿಗೆ ಈ ವಿಷ ತಟ್ಟುವುದಿಲ್ಲ, ಆದರೆ ಅವುಗಳ ಮೈಯಲ್ಲಿ ಸಂಗ್ರಹವಾಗುತ್ತದೆ. ಒಂದು ಬಾತಿನ ಹೆಣದಲ್ಲಿ ಸಾವಿರಾರು ಹುಳ. ಇನ್ನೊಂದು ಬಾತನ್ನು ಕೊಲ್ಲಲು ಮೂರು–ನಾಲ್ಕು ಹುಳ ಸಾಕು. ಹುಳ ತಿಂದು ಸತ್ತ ಬಾತು ಮತ್ತೆ ಹುಳಗಳಿಗೆ ಮನೆ. ಸಾಂಭರಿನಲ್ಲಿ ಕೆಲಸ ಶುರುವಾದಾಗಲೇ ಹುಳ ಬಿದ್ದ ಹೆಣಗಳಿದ್ದವು. ಎಂದರೆ ಎರಡನೇ ಸುತ್ತು ಆಗಲೇ ನಡೆದಿತ್ತು.

ಇದೇ ಮಾತು ಬೇರೆ ರೂಪದಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ಸಾಲ್ಟನ್ ಸೀ ಸರೋವರದಲ್ಲಿ 1996ರಲ್ಲಿ ಕಂಡಿತು. ಅಲ್ಲಿ ಹುಳದ ಬದಲು ತಿಲಾಪಿಯಾ ಮೀನಿನ ಹೊಟ್ಟೆಯಲ್ಲಿ ವಿಷ ಇತ್ತು. ಸಾವಿರಾರು ಹೆಜ್ಜಾರ್ಲೆಗಳು ಸತ್ತವು. ತಿಲಾಪಿಯಾ ನಮ್ಮ ಕೆರೆಗಳಲ್ಲೂ ತುಂಬಿರುವುದರಿಂದ ಇದನ್ನು ಇಲ್ಲಿ ಹೇಳಿದ್ದು.

ಸಾಂಭರಿನಲ್ಲಿ ನಡೆದ ಕೆಲಸ, ಅದರ ಕಷ್ಟ

ಉಪ್ಪಿನ ಸರೋವರದ ಅಂಚಿನಲ್ಲಿ ಕೆಲಸ ಮಾಡುವುದು ಸುಲಭವಲ್ಲ. ಮೇಲೆ ಒಣ ಹಪ್ಪಳದಂಥ ಪದರ, ಕೆಳಗೆ ಮೊಣಕಾಲುದ್ದದ ಕಪ್ಪು ರಾಡಿ. ನಡೆದರೆ ಕಾಲು ಹೂತುಹೋಗುತ್ತದೆ, ದೋಣಿ ಹಾಕಲು ನೀರು ಸಾಲದು. ವಿಪತ್ತು ನಿರ್ವಹಣಾ ಪಡೆಯವರು, ಅರಣ್ಯ ಮತ್ತು ಪಶುಸಂಗೋಪನಾ ಇಲಾಖೆಯವರು, ಸ್ವಯಂಸೇವಕರು ಸೇರಿ ಹೆಣಗಳನ್ನು ಎತ್ತಿ ಗುಂಡಿ ತೋಡಿ ಹೂಳಿದರು. ಜೀವವಿದ್ದವನ್ನು ಕಾಚರೋಡಾ ನರ್ಸರಿಯಲ್ಲಿ ತೆರೆದ ಆರೈಕೆ ಕೇಂದ್ರಕ್ಕೆ ಒಯ್ದರು. ಚೇತರಿಸಿಕೊಂಡವನ್ನು ಮರಳಿ ಬಿಟ್ಟರು.

ಎತ್ತುವಾಗ ತಪ್ಪುವುದು ಸಣ್ಣ ಹಕ್ಕಿಗಳ ವಿಷಯದಲ್ಲಿ. ಚಲುಕದ ಬಾತು ಅರ್ಧ ಕಿಲೋಗಿಂತ ಹೆಚ್ಚು ತೂಗುತ್ತದೆ, ದೂರದಿಂದ ಕಾಣುತ್ತದೆ. ಕೆಂಟಿಷ್ ಪ್ಲೋವರ್ ತೂಕ ಸುಮಾರು 40 ಗ್ರಾಂ, ಬಣ್ಣ ಒಣಮಣ್ಣಿನದು. ಕಾಲಬುಡದಲ್ಲಿ ಬಿದ್ದಿದ್ದರೂ ಕಾಣದೆ ಹೋಗುತ್ತದೆ. ಅದರಲ್ಲೂ ಹುಳ ಬೀಳುತ್ತದೆ. ಹೀಗಾಗಿ ಒಮ್ಮೆ ಎತ್ತಿದ ದಂಡೆಯನ್ನೇ ಮತ್ತೆ ಮತ್ತೆ ತುಳಿಯಬೇಕು. ನೊಣದ ಮರಿಹುಳ ಬಲಿತು ಹೆಣ ಬಿಟ್ಟು ಹೊರಬರಲು ಬೆಚ್ಚಗಿನ ದಿನಗಳಲ್ಲಿ ನಾಲ್ಕೈದು ದಿನ ಸಾಕು. ಒಂದೇ ದಂಡೆಗೆ ಎರಡು ಸುತ್ತಿನ ನಡುವೆ ಎರಡು ದಿನಕ್ಕಿಂತ ಹೆಚ್ಚು ಬಿಟ್ಟರೆ ಎತ್ತಿದ ಕೆಲಸ ಅರ್ಧ ನೀರುಪಾಲು.

2024ರ ಅಕ್ಟೋಬರ್ ಕೊನೆ, ನವೆಂಬರಿನಲ್ಲಿ ಸಾಂಭರಿನಲ್ಲಿ ಬಾಟ್ಯುಲಿಸಂ ಮತ್ತೆ ಕಾಣಿಸಿತು. ಸತ್ತವು ಐನೂರರ ಆಸುಪಾಸು. ಮಳೆ, ನೀರು, ಹಕ್ಕಿಗಳ ಸಂಖ್ಯೆ ಎಲ್ಲ ಬೇರೆ ಇದ್ದದ್ದರಿಂದ ಎರಡು ವರ್ಷಗಳನ್ನು ತಕ್ಕಡಿಯಲ್ಲಿಟ್ಟು ತೂಗಲಾಗದು. ಒಂದಂತೂ ನಿಶ್ಚಯ: ಬೀಜಕ ರಾಡಿಯಲ್ಲೇ ಇದೆ, ಹವೆ ಕೂಡಿದಾಗ ಏಳುತ್ತದೆ.

ಕುರನೂರು, ಹೊಟಗಿ, ಹಿಪ್ಪರಗಾ: ಇಲ್ಲಿ ಏನು ನೋಡಬೇಕು

ನಮ್ಮ ಕೆರೆಗಳಲ್ಲಿ ಉಪ್ಪು ಏರಿಳಿಯುವುದಿಲ್ಲ, ನೀರು ಏರಿಳಿಯುತ್ತದೆ. ಕೊಳೆಯುವ ಪ್ರೋಟೀನು ನಮ್ಮಲ್ಲಿ ಬೇರೆ ಕಡೆಯಿಂದ ಬರುತ್ತದೆ. ಮೀನು ಹಿಡಿದ ಮೇಲೆ ಬೆಲೆಯಿಲ್ಲದ ಸಣ್ಣ ತಿಲಾಪಿಯಾವನ್ನು ದಂಡೆಯಲ್ಲೇ ಸುರಿದು ಹೋಗುವುದು ಒಂದು. ಸತ್ತ ಫಾರಂ ಕೋಳಿಯನ್ನು ಚೀಲದಲ್ಲಿ ಕಟ್ಟಿ ಕೆರೆಯಂಚಿಗೆ ಎಸೆಯುವುದು ಇನ್ನೊಂದು. ಬೇಸಿಗೆಯಲ್ಲಿ ಕೆರೆ ಅಂಗಳದಲ್ಲಿ ಬೆಳೆದ ಹುಲ್ಲು, ಬೆಳೆಯ ಕೂಳೆ ಮುಂಗಾರಿನಲ್ಲಿ ಒಮ್ಮೆಲೇ ಮುಳುಗಿ ಕೊಳೆಯುವುದು ಮೂರನೆಯದು. ಅದರಿಂದ ಅಂಚಿನ ನೀರಿನ ಆಮ್ಲಜನಕ ಇಳಿದು ಮೀನು, ಹುಳ ಸಾಯುತ್ತವೆ. ಮೊದಲಿನ ಎರಡನ್ನು ಊರಿನವರು ನಿಲ್ಲಿಸಬಹುದು. ಮೀನಿನ ಗುತ್ತಿಗೆಯ ಷರತ್ತಿನಲ್ಲೇ ಬಿಟ್ಟ ಮೀನನ್ನು ಹೂಳಬೇಕೆಂದು ಬರೆಸುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

ಹೆಚ್ಚು ಎಚ್ಚರ ಬೇಕಾದ ಕಾಲ ಎರಡು. ಸೀಗಿ ಹುಣ್ಣಿಮೆಯಿಂದ ಗೌರಿ ಹುಣ್ಣಿಮೆ ದಾಟುವವರೆಗೆ – ಹಕ್ಕಿ ಬಂದಿರುತ್ತದೆ, ನೀರು ಇನ್ನೂ ಬೆಚ್ಚಗಿರುತ್ತದೆ. ಆಮೇಲೆ ಹೋಳಿಯಿಂದ ಯುಗಾದಿಯ ಹೊತ್ತಿಗೆ – ಹೊರಡಲಿರುವ ಹಕ್ಕಿಗಳು ಉಳಿದ ತೆಳುನೀರಿನಲ್ಲಿ ಒತ್ತೊತ್ತಾಗಿ ಸೇರಿರುತ್ತವೆ. ಎಳ್ಳಮಾವಾಸ್ಯೆ, ಸಂಕ್ರಾಂತಿಯ ಚಳಿಯಲ್ಲಿ ಅಪಾಯ ಕಡಿಮೆ, ಆಗ ವಾರಕ್ಕೊಂದು ಸುತ್ತು ಸಾಕು. ಉಳಿದ ಎರಡು ಕಾಲಗಳಲ್ಲಿ ಎರಡು ದಿನಕ್ಕೊಮ್ಮೆ.

ಸುತ್ತಿಗೆ ಇಬ್ಬರು ಬೇಕು. ಒಬ್ಬರು ನೀರಂಚು, ಇನ್ನೊಬ್ಬರು ಹತ್ತು–ಹದಿನೈದು ಮಾರು ಮೇಲೆ ಗಿಡಗಂಟಿ ನೋಡುತ್ತ ನಡೆಯಬೇಕು. ಜಬ್ಬಾದ ಹಕ್ಕಿ ಜಾಲಿಯ ನೆರಳಿಗೆ, ಆಪಿನ ನಡುವೆ ಸೇರಿಕೊಳ್ಳುತ್ತದೆ, ಬಯಲಿನಲ್ಲಿ ಸಾಯುವುದು ಎಲ್ಲವೂ ಅಲ್ಲ. ಬೆಳಗಿನ ಹೊತ್ತು ಒಳ್ಳೆಯದು. ಗಾಳಿ ಯಾವ ಕಡೆ ಬೀಸುತ್ತಿದೆಯೋ ಆ ದಂಡೆಯನ್ನು ಮೊದಲು ನೋಡಬೇಕು. ತೇಲುವ ಹೆಣ ಅಲ್ಲಿಗೇ ಬಂದು ಸೇರುತ್ತದೆ. ಪುಸ್ತಕದಲ್ಲಿ ದಿನಾಂಕ, ಜಾಗ, ಜಾತಿ, ಜೀವವಿದ್ದವೆಷ್ಟು, ಸತ್ತವೆಷ್ಟು ಎಂದು ಬರೆಯುವುದರ ಜೊತೆ ಹೆಣದ ಸ್ಥಿತಿಯನ್ನೂ ಬರೆಯಬೇಕು: ಹೊಸದು, ಉಬ್ಬಿದ್ದು, ಹುಳ ಬಿದ್ದದ್ದು. ಈ ಕೊನೆಯ ಕಲಂ ನೋಡಿದರೆ ಸಾವು ಯಾವಾಗ ಶುರುವಾಯಿತೆಂದು ತಿಳಿಯುತ್ತದೆ. ಎಲ್ಲವೂ ಹೊಸದಾಗಿದ್ದರೆ ಇಂದು ಏನೋ ತಿಂದಿವೆ. ಮೂರೂ ಬಗೆ ಕಲಸಿದ್ದರೆ ಸರಪಳಿ ಓಡುತ್ತಿದೆ.

ಬಿದ್ದ ಹಕ್ಕಿಯನ್ನೆಲ್ಲ ಬಾಟ್ಯುಲಿಸಂ ಎನ್ನುವ ತಪ್ಪೂ ಆಗಬಾರದು. ನಮ್ಮ ಕಡೆ ಹೊಲದ ಔಷಧಿ ತಿಂದು ಸಾಯುವ ಹಕ್ಕಿಗಳಿವೆ. ಕೀಟನಾಶಕದಲ್ಲಿ ಮೈ ಸಡಿಲವಾಗುವುದಕ್ಕಿಂತ ಸೆಟೆಯುವುದು, ನಡುಗುವುದು, ಉಗುರು ಬಿಗಿದು ಮುಷ್ಟಿಯಾಗುವುದು, ಬಾಯಲ್ಲಿ ಜೊಲ್ಲು, ಗಂಟಲಲ್ಲಿ ಇನ್ನೂ ಕಾಳು ಇರುವುದು ಕಾಣುತ್ತದೆ. ಪಾರಿವಾಳ, ಬೆಳವ, ನವಿಲು ಒಟ್ಟಿಗೆ ಬಿದ್ದಿರುತ್ತವೆ. ಹಕ್ಕಿಜ್ವರದಲ್ಲಿ ಕುತ್ತಿಗೆ ತಿರುಚುವುದು, ನಡುಕ, ಮೂಗು–ಬಾಯಿಯ ಸೋರಿಕೆ ಇರಬಹುದು. ನೀರಿನ ಮೇಲೆ ಹಸಿರು ಬಣ್ಣ ಬಳಿದಂತೆ ಪಾಚಿ ಕಟ್ಟಿದ್ದರೆ ಪಾಚಿಯ ವಿಷವನ್ನೂ ಯೋಚಿಸಬೇಕು. ದಂಡೆಯಲ್ಲಿ ನಿಂತು ತೀರ್ಪು ಕೊಡುವುದು ಬೇಡ. ಲಕ್ಷಣವನ್ನು ಕಂಡಂತೆ ಬರೆದು, ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೊ ತೆಗೆದು ಪಶುವೈದ್ಯರಿಗೆ ತೋರಿಸಿದರೆ ಅದು ಹತ್ತು ಫೋಟೊಗಿಂತ ಮೇಲು.

ಕಾಡುಹಕ್ಕಿಯನ್ನು ಮುಟ್ಟಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಮಹಾರಾಷ್ಟ್ರದಲ್ಲಿ ಆ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ ತಿಳಿಸುವುದು ಮೊದಲ ಕೆಲಸ. ಮಾದರಿ ತೆಗೆಯುವುದು ಪಶುವೈದ್ಯರ ಕೆಲಸವಾದರೂ ಅವರಿಗೆ ಏನು ಬೇಕೆಂದು ಗೊತ್ತಿದ್ದರೆ ನೆರವಾಗಬಹುದು. ಬಾಟ್ಯುಲಿಸಂ ಪತ್ತೆಗೆ ಇನ್ನೂ ಜೀವವಿರುವ, ಕುತ್ತಿಗೆ ಬಿದ್ದ ಹಕ್ಕಿಯ ರಕ್ತದ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಎಲ್ಲಕ್ಕಿಂತ ಒಳ್ಳೆಯದು. ಕೊಳೆತ ಹೆಣದಲ್ಲಿ ವಿಷ ಸಿಕ್ಕರೂ ಅದರಿಂದಲೇ ಸತ್ತಿತೆನ್ನಲು ಬರುವುದಿಲ್ಲ, ಸತ್ತ ಮೇಲೆ ಹುಟ್ಟಿದ ವಿಷವೂ ಆಗಿರಬಹುದು. ಆದ್ದರಿಂದ ವೈದ್ಯರು ಬರುವವರೆಗೆ ನಾಲ್ಕೈದು ಜೀವವಿರುವ ಹಕ್ಕಿಗಳನ್ನು ಉಳಿಸಿಕೊಳ್ಳುವುದು ದೊಡ್ಡ ಉಪಕಾರ.

ಉಳಿಸಿಕೊಳ್ಳುವುದು ಹೇಗೆಂದರೆ: ಗಾಳಿಯಾಡುವ ಬಿದಿರು ಬುಟ್ಟಿ, ಕೆಳಗೆ ಒಣ ಹುಲ್ಲು, ನೆರಳು. ಹಕ್ಕಿಯನ್ನು ಎದೆಯ ಮೇಲೆ ಕೂರಿಸಿ, ಕುತ್ತಿಗೆಗೆ ಬಟ್ಟೆಯ ಸುರುಳಿ ಆಸರೆ ಕೊಡಬೇಕು. ಒಂದರ ಮೇಲೊಂದು ಹಾಕಬಾರದು. ತಲೆ ಎತ್ತಬಲ್ಲ ಹಕ್ಕಿಗೆ ಅಗಲ ತಟ್ಟೆಯಲ್ಲಿ ಒಂದು ಬೆರಳು ಸಿಹಿನೀರು ಸಾಕು. ತಲೆ ಎತ್ತಲಾರದ್ದಕ್ಕೆ ಬಾಯಲ್ಲಿ ನೀರು ಹನಿಸಿದರೆ ಅದು ಶ್ವಾಸನಾಳಕ್ಕೆ ಹೋಗಿ ನಿಮ್ಮ ಕೈಯಲ್ಲೇ ಸಾಯುತ್ತದೆ. ಅಂಥದ್ದಕ್ಕೆ ಪಳಗಿದವರೇ ನಳಿಗೆಯಿಂದ ನೀರು ಕೊಡಬೇಕು, ಒಂದು ಸಲಕ್ಕೆ ಮೈತೂಕದ ಶೇ 5ರಷ್ಟು, ಎಂದರೆ 600 ಗ್ರಾಂ ಬಾತಿಗೆ ಸುಮಾರು 30 ಮಿ.ಲೀ. ಬಾತುಗಳು ಬೇಗ ಸಿಕ್ಕರೆ ಬಹಳಷ್ಟು ಉಳಿಯುತ್ತವೆ. ನಾಮದ ಕೋಳಿ, ಗೊರವ, ಕಡಲಕ್ಕಿಗಳು ಅಷ್ಟು ಸುಲಭಕ್ಕೆ ಉಳಿಯುವುದಿಲ್ಲ. ಶ್ರಮವೂ ಜಾಗವೂ ಸೀಮಿತವಿದ್ದಾಗ ಮೊದಲು ಹೆಣ, ಆಮೇಲೆ ಆರೈಕೆ. ಕೇಳಲು ಕಠಿಣ, ಆದರೆ ಒಂದು ಹೆಣ ಎತ್ತಿದರೆ ಉಳಿಯುವ ಬಾತುಗಳ ಸಂಖ್ಯೆ ಬುಟ್ಟಿಯಲ್ಲಿ ಉಳಿಯುವುದಕ್ಕಿಂತ ಹೆಚ್ಚು.

ಹೆಣ ಎತ್ತುವಾಗ ರಬ್ಬರ್ ಕೈಗವಸು, ಎನ್95 ಮಾಸ್ಕ್, ಗಂಬೂಟು ಕಡ್ಡಾಯ. ಸಿ ಬಗೆಯ ವಿಷ ಮನುಷ್ಯರಿಗೆ ತಗಲುವುದು ಅಪರೂಪವಾದರೂ ವರದಿ ಬರುವವರೆಗೆ ಹಕ್ಕಿಜ್ವರವೆಂದೇ ತಿಳಿದು ನಡೆಯಬೇಕು. ಉದ್ದ ಹಿಡಿಯ ಬಲೆಯಲ್ಲಿ ಎತ್ತಿ, ಎರಡು ಪದರ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಬೇಕು. ಹೆಣವನ್ನಷ್ಟೇ ಎತ್ತಿ ಕೆಳಗೆ ಉದುರಿದ ಹುಳ ಬಿಟ್ಟು ಬರುವುದು ಸಾಮಾನ್ಯ ತಪ್ಪು. ಒಂದು ಸಲಿಕೆ ಮಣ್ಣನ್ನೂ ಸೇರಿಸಿ ಎತ್ತಬೇಕು. ಗುಂಡಿ ಕೆರೆ ಅಂಗಳದಲ್ಲಿ ಬೇಡ, ಮುಂದಿನ ಮಳೆಗೆ ನೀರು ಅಲ್ಲಿಗೇ ಬರುತ್ತದೆ. ಬಾವಿ, ಬೋರುಗಳಿಂದ ದೂರ, ಎತ್ತರದ ನೆಲದಲ್ಲಿ ಆಳವಾಗಿ ತೋಡಿ, ಚೀಲ ಬಿಚ್ಚಿ ಹೆಣಗಳನ್ನು ಹಾಕಿ, ಮೇಲೆ ಸುಣ್ಣ ಚೆಲ್ಲಿ, ಕನಿಷ್ಠ ಒಂದು ಮೀಟರ್ ಮಣ್ಣು ಮುಚ್ಚಿ ಮುಳ್ಳು ಹಾಕಬೇಕು. ಮಣ್ಣು ಕಡಿಮೆಯಾದರೆ ನಾಯಿ ಕೆದರುತ್ತದೆ. ಬೂಟು, ಬಲೆ, ಸಲಿಕೆ ತೊಳೆಯಲು ಲೀಟರ್ ನೀರಿಗೆ 30 ಗ್ರಾಂ ಬ್ಲೀಚಿಂಗ್ ಪೌಡರ್. ದಿನದಿನಕ್ಕೆ ಹೊಸದಾಗಿ ಕಲಸಿದ್ದು, ಹಿಂದಿನ ದಿನದ್ದು ಕೆಲಸ ಮಾಡದು.

ದಂಡೆಗೆ ಮೇಯಲು ಬರುವ ಜವಾರಿ ಕೋಳಿಗಳನ್ನು ಆ ದಿನಗಳಲ್ಲಿ ಮನೆಯಲ್ಲೇ ಕಟ್ಟಿಹಾಕಲು ಊರಿನವರಿಗೆ ಹೇಳಬೇಕು. ಹುಳ ಕಂಡರೆ ಕೋಳಿ ಬಿಡುವುದಿಲ್ಲ, ಕೋಳಿಗೂ ಇದೇ ಕುತ್ತಿಗೆ ಬೀಳುವ ಬೇನೆ. ದನಗಳಿಗೂ ಈ ವಿಷ ತಟ್ಟುತ್ತದೆ. ಮೇವಿನಲ್ಲಿ ರಂಜಕ ಸಾಲದ ದನ ಎಲುಬು, ಹೆಣ ಕಡಿಯುವ ಚಟಕ್ಕೆ ಬೀಳುವುದುಂಟು. ಸತ್ತ ಬಾತನ್ನು ಅಡಿಗೆಗೆ ಒಯ್ಯುವವರಿದ್ದರೆ ಅದು ಯಾವುದರಿಂದ ಸತ್ತಿತೆಂದು ಯಾರಿಗೂ ಗೊತ್ತಿಲ್ಲ, ಕೀಟನಾಶಕವಿದ್ದರೆ ಬೇಯಿಸಿದರೂ ಹೋಗದು ಎಂದು ಬಿಡಿಸಿ ಹೇಳಬೇಕು.

ಕೊನೆಯ ಹೆಣ ಸಿಕ್ಕ ಮೇಲೂ ಹತ್ತು ದಿನ ಸುತ್ತು ನಿಲ್ಲಿಸಬಾರದು. ಗುಂಡಿ ತೋಡಿದ ಜಾಗ ಮತ್ತು ಮೊದಲ ಹೆಣ ಸಿಕ್ಕ ಜಾಗ ಎರಡನ್ನೂ ಕೆರೆಯ ನಕ್ಷೆಯಲ್ಲಿ ಗುರುತು ಹಾಕಿ ಪುಸ್ತಕದಲ್ಲಿ ಅಂಟಿಸಿಡಬೇಕು. ಮರುವರ್ಷ ಸೀಗಿ ಹುಣ್ಣಿಮೆಯ ಮೊದಲ ಸುತ್ತು ಆ ಎರಡನೇ ಗುರುತಿನಿಂದಲೇ ಶುರುವಾಗಬೇಕು.